ದೂರದ ಹಸಿವು, ಮನೆಯ ಮಾತು: ಐರಿಷ್ ಕಾವ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರದೇಶಗಳಲ್ಲಿ ನಡೆದ ಕ್ಷಾಮ, ಯುದ್ಧ ಮತ್ತು ಸಾಮೂಹಿಕ ಹತ್ಯೆಗಳಿಗೆ ಐರಿಷ್ ಭಾಷೆಯ ಕವಿಗಳು ಹೇಗೆ ಸ್ಪಂದಿಸಿದರು ಎಂಬುದರ ಬಗ್ಗೆ ಕನ್ನಡದ ಓದುಗರೊಡನೆ ಮಾತನಾಡಿದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಪತ್ರಗಳಲ್ಲೂ ಅವೇ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಟ್ಟು, ಒಂದೊಂದಕ್ಕೂ ಬೇರೆ ಬೇರೆಯಾಗಿ ಉತ್ತರಿಸಿದ್ದೇನೆ. ಐರಿಷ್ ಹೆಸರುಗಳ ಬರಹಕ್ಕೂ ಉಚ್ಚಾರಣೆಗೂ ಬಹಳ ಅಂತರವಿರುವುದರಿಂದ, ಕಿವಿಗೆ ಕೇಳುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಐರಿಷ್ ಅಂದರೆ ಇಂಗ್ಲಿಷಿನದೇ ಒಂದು ಬಗೆ ಅಲ್ಲವೇ? ಅದರಲ್ಲಿ ಈಗಲೂ ಕವಿತೆ ಬರೆಯುತ್ತಾರೆಯೇ?

ಅಲ್ಲ. ಐರಿಷ್ ಕೆಲ್ಟಿಕ್ ಕುಲದ ಸ್ವತಂತ್ರ ಭಾಷೆ. ಸ್ಕಾಟ್ಲೆಂಡಿನ ಗೇಲಿಕ್ ಅದರ ಹತ್ತಿರದ ಸೋದರಿ. ಇಂಗ್ಲಿಷ್ ದೂರದ ನಂಟು ಮಾತ್ರ. ಐರ್ಲೆಂಡಿನಲ್ಲಿ 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆಂದು ಹೇಳಿಕೊಂಡರು. ಆದರೆ ಶಾಲೆ ಕಾಲೇಜುಗಳ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ ಮಾತ್ರ. ಕಾನಮಾರ, ಡೊನಿಗಾಲ್, ಕೆರಿ ಮೊದಲಾದ ಪಶ್ಚಿಮದ ಅಂಚಿನ ಕೆಲವು ಪ್ರದೇಶಗಳಲ್ಲಿ ಅದು ಮನೆಮಾತಾಗಿ ಉಳಿದಿದೆ. ಇಷ್ಟು ಸಣ್ಣ ಸಮುದಾಯದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಬಂದ ಕಾವ್ಯದ ಸತ್ತ್ವ ಮಾತ್ರ ಸಣ್ಣದಲ್ಲ. 1970ರಲ್ಲಿ ಕಾರ್ಕ್ ನಗರದ ವಿಶ್ವವಿದ್ಯಾಲಯದ ಕೆಲವು ಯುವಕವಿಗಳು 'ಇಂಚಿ' ಎಂಬ ಪತ್ರಿಕೆಯನ್ನು ಹೊರಡಿಸಿದರು. ಹಳ್ಳಿಯ ನುಡಿ ಎಂದು ಎಲ್ಲರೂ ಬದಿಗಿಟ್ಟಿದ್ದ ಭಾಷೆಗೆ ಅವರು ನಗರ, ದೂರದರ್ಶನ ಮತ್ತು ಹೊರಜಗತ್ತಿನ ಸುದ್ದಿಗಳನ್ನು ತಂದು ತುಂಬಿದರು. ಮುಂದೆ ಹೇಳುವ ಕವಿಗಳಲ್ಲಿ ಇಬ್ಬರು ಆ ಬಳಗದವರು.

ಐರ್ಲೆಂಡಿನ ಮಹಾಕ್ಷಾಮ ಅಂತ ಕೇಳಿದ್ದೇವೆ. ಅದಕ್ಕೂ ಭಾಷೆಗೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ಅಂಗಮಾರಿ ರೋಗ ತಗುಲಿತು. ಬಡವರಿಗೆ ಆಲೂಗಡ್ಡೆಯೊಂದೇ ಆಹಾರವಾಗಿತ್ತು. ಬೆಳೆ ಮತ್ತೆ ಮತ್ತೆ ಕೈಕೊಟ್ಟ ವರ್ಷಗಳಲ್ಲಿ, ಅಂದರೆ ಸುಮಾರು 1852ರ ಹೊತ್ತಿಗೆ, ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಜ್ವರಗಳಿಂದಲೂ ಸತ್ತರು. ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹಡಗು ಹತ್ತಿದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಅದೇ ಕಾಲದಲ್ಲಿ ಧಾನ್ಯವೂ ದನಗಳೂ ಬಂದರುಗಳಿಂದ ಹೊರಗೆ ಸಾಗುತ್ತಲೇ ಇದ್ದವು.

ಸತ್ತವರಲ್ಲಿಯೂ ಹೋದವರಲ್ಲಿಯೂ ಹೆಚ್ಚಿನವರು ಪಶ್ಚಿಮ ಮತ್ತು ದಕ್ಷಿಣದ ಬಡ ಜಿಲ್ಲೆಗಳವರು. ಐರಿಷ್ ಗಟ್ಟಿಯಾಗಿ ನಿಂತಿದ್ದುದು ಆ ಜಿಲ್ಲೆಗಳಲ್ಲಿಯೇ. ಉಳಿದವರು ಮಕ್ಕಳು ಬದುಕಬೇಕಾದರೆ, ವಲಸೆ ಹೋಗಬೇಕಾದರೆ ಇಂಗ್ಲಿಷೇ ಬೇಕು ಎಂಬ ತೀರ್ಮಾನಕ್ಕೆ ಬಂದರು. ಹಾಗಾಗಿ ಐರಿಷ್‌ನಲ್ಲಿ ಬರೆಯುವ ಕವಿಯ ಮಟ್ಟಿಗೆ ಕ್ಷಾಮವೆಂಬುದು ಇತಿಹಾಸದ ಒಂದು ಅಧ್ಯಾಯವಾಗಿ ಮಾತ್ರ ಉಳಿದಿಲ್ಲ. ಅವರು ಕೈಯಲ್ಲಿ ಹಿಡಿದ ಭಾಷೆಯ ಮೇಲೇ ಅದರ ಗಾಯವಿದೆ. ವಿದ್ವಾಂಸರು 'ಗೊರ್ತಾ ಮೋರ್', ಅಂದರೆ ದೊಡ್ಡ ಹಸಿವು, ಎನ್ನುತ್ತಾರೆ. ಹಳ್ಳಿಯ ಹಿರಿಯರ ಬಾಯಲ್ಲಿ ಅದು 'ಅನ್ ದ್ರೋಖ್‌ಹೀಲ್', ಕೆಟ್ಟ ಕಾಲ. ನಮ್ಮ ಹಿರಿಯರು 'ಆ ಬರದ ಕಾಲ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ ಹಾಗೆ.

ಕ್ಷಾಮ ನಡೆಯುತ್ತಿದ್ದಾಗಲೇ ಅದರ ಬಗ್ಗೆ ಯಾರಾದರೂ ಹಾಡಿದ್ದಾರೆಯೇ?

ಹಾಡಿದ್ದಾರೆ. ವಾಟರ್‌ಫರ್ಡ್ ಜಿಲ್ಲೆಯ ರಿಂಗ್ ಎಂಬ ಕರಾವಳಿಯ ಊರಿನ ಮಾರೆ ನೀ ಗ್ರೋಮಾ ಎಂಬ ಹೆಂಗಸಿನ 'ನಾ ಪ್ರಾಟೀ ದುವಾ', ಅಂದರೆ 'ಕರಿ ಆಲೂಗಡ್ಡೆಗಳು', ಎಂಬ ಹಾಡು ಇವುಗಳಲ್ಲಿ ಮುಖ್ಯವಾದುದು. ಅದರ ಬಹುಪಾಲು ಪ್ರಾರ್ಥನೆ. ಆ ಪ್ರಾರ್ಥನೆಯ ನಡುವೆ, ಬಡವರನ್ನು ಚಳಿಗೂ ಅಲೆದಾಟಕ್ಕೂ ನೂಕುವ ಈ ಕೆಲಸವನ್ನು ದೇವರು ಎಂದೂ ಹವಣಿಸಿದ್ದಲ್ಲ ಎಂಬ ಸಾಲು ಬರುತ್ತದೆ. ಇದು ದೇವರ ಶಿಕ್ಷೆ ಎಂದು ದೊಡ್ಡವರು ಹೇಳುತ್ತಿದ್ದ ಕಾಲದಲ್ಲಿ, ದೈವಭಕ್ತೆಯಾದ ಒಬ್ಬ ಹೆಂಗಸು ಆ ಹೊರೆಯನ್ನು ದೇವರ ಹೆಗಲಿನಿಂದ ಇಳಿಸಿ ಮನುಷ್ಯರ ಹೆಗಲಿಗೆ ಹೊರಿಸಿದಳು. ಪರದೇಶದ ಅನ್ಯಾಯಗಳ ಬಗ್ಗೆ ನೂರೈವತ್ತು ವರ್ಷಗಳ ನಂತರ ಬಂದ ಕವಿತೆಗಳನ್ನು ಓದುವಾಗ ನಾನು ಈ ಸಾಲಿನಿಂದಲೇ ಹೊರಡುತ್ತೇನೆ.

ತಮ್ಮ ಹಸಿವಿನಿಂದ ಬೇರೆಯವರ ಹಸಿವಿನ ಕಡೆಗೆ ಇವರ ಕಣ್ಣು ಹೊರಳಿದ್ದು ಯಾವಾಗ?

ಕೊಡುವುದಕ್ಕೂ ಮೊದಲು ಪಡೆದ ನೆನಪು ಅವರಲ್ಲಿದೆ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ತಾವೇ ನೆಲ ಕಳೆದುಕೊಂಡು ದೂರಕ್ಕೆ ಅಟ್ಟಿಸಿಕೊಂಡಿದ್ದರೂ ಐರ್ಲೆಂಡಿನ ಹಸಿದವರಿಗೆ ಹಣ ಸೇರಿಸಿ ಕಳುಹಿಸಿದರು. ಕಲ್ಕತ್ತೆಯಲ್ಲಿಯೂ ನಿಧಿ ಸಂಗ್ರಹವಾಗಿತ್ತು.

ಆಧುನಿಕ ಕಾಲದಲ್ಲಿ ತಿರುವು ತಂದದ್ದು 1967ರಿಂದ 1970ರವರೆಗಿನ ಬಯಾಫ್ರಾ ಯುದ್ಧ. ನೈಜೀರಿಯದ ಆ ಭಾಗದಲ್ಲಿ ಐರಿಷ್ ಪಾದ್ರಿಗಳೂ ಸನ್ಯಾಸಿನಿಯರೂ ಬಹಳ ಮಂದಿ ಇದ್ದರು. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದ ಮಕ್ಕಳ ಸುದ್ದಿ ಅವರ ಪತ್ರಗಳ ಮೂಲಕ ಐರ್ಲೆಂಡಿನ ಮನೆಮನೆಗೆ ಬಂದಿತು. 1968ರಲ್ಲಿ ಡಬ್ಲಿನ್ನಿನಲ್ಲಿ 'ಕನ್ಸರ್ನ್' ಎಂಬ ಪರಿಹಾರ ಸಂಸ್ಥೆ ಹುಟ್ಟಿದ್ದು ಇದರಿಂದಲೇ. ಅದಕ್ಕೂ ಮೊದಲು, 1965ರಲ್ಲಿ, ಸ್ಥಾಪನೆಯಾದ ಸಂಸ್ಥೆಯ ಹೆಸರೇ 'ಗೊರ್ತಾ'. 1973ರಲ್ಲಿ ಅಲ್ಲಿನ ಬಿಷಪ್ಪರು ಆರಂಭಿಸಿದ ಸಂಸ್ಥೆಗೆ 'ತ್ರೋಕರೆ' ಎಂದು ಹೆಸರಿಟ್ಟರು. ಕರುಣೆ ಎಂದು ಅದರರ್ಥ. ದಿನದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯುವ ದೇಶವೊಂದು ಪರದೇಶದ ಹಸಿದವರಿಗೆ ಕೈಚಾಚುವಾಗ ತನ್ನ ಹಳೆಯ ಭಾಷೆಯ ಪದಗಳನ್ನೇ ಹುಡುಕಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

## ಕವಿತೆಗಳ ಬಗ್ಗೆ

ಒಂದೇ ಒಂದು ಕವಿತೆ ಓದಲು ಸಮಯವಿದೆ. ಯಾವುದನ್ನು ಓದಲಿ?

ನೂಲಾ ನೀ ಗೋನಿಲ್ ಅವರ 'ದುವ್', ಅಂದರೆ 'ಕಪ್ಪು'.

1995ರ ಜುಲೈ 11ರಂದು ಬಾಸ್ನಿಯದ ಸ್ರೆಬ್ರೆನಿಟ್ಸಾ ಪಟ್ಟಣ ಸರ್ಬ್ ಪಡೆಗಳ ವಶವಾಯಿತು. ವಿಶ್ವಸಂಸ್ಥೆ ಎರಡು ವರ್ಷಗಳ ಹಿಂದೆಯೇ ಅದನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿ, ಕಾವಲಿಗೆ ಸೈನಿಕರನ್ನೂ ಇರಿಸಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದು ಗುಂಡಿಗಳಿಗೆ ತಳ್ಳಿದರು. ಅಂತರರಾಷ್ಟ್ರೀಯ ನ್ಯಾಯಾಲಯ ಇದನ್ನು ನರಮೇಧವೆಂದು 2007ರಲ್ಲಿ ತೀರ್ಮಾನಿಸಿತು.

ಕವಿತೆ ಬಾಸ್ನಿಯದಲ್ಲಿ ಆರಂಭವಾಗುವುದಿಲ್ಲ. ಐರ್ಲೆಂಡಿನ ಒಂದು ಸಾಮಾನ್ಯ ದಿನದಲ್ಲಿ, ಅಡುಗೆಮನೆ, ಬೀದಿ, ಅಂಗಡಿಗಳ ನಡುವೆ ಅದು ನಡೆಯುತ್ತದೆ. ಇವತ್ತು ಕಪ್ಪು ದಿನ ಎಂದು ಆರಂಭವಾಗಿ ಆಕಾಶ, ಸಮುದ್ರ, ಬಸ್ಸುಗಳು, ಮಕ್ಕಳನ್ನು ಶಾಲೆಗೆ ಒಯ್ಯುವ ಕಾರುಗಳು, ಸುದ್ದಿಪತ್ರಿಕೆಗಳು ಹೀಗೆ ಕಣ್ಣಿಗೆ ಬಿದ್ದದ್ದೆಲ್ಲ ಒಂದೊಂದಾಗಿ ಕಪ್ಪಾಗುತ್ತ ಹೋಗುತ್ತದೆ. ಆಲೂಗಡ್ಡೆ ಕಪ್ಪು, ಟರ್ನಿಪ್ ಕಪ್ಪು, ಪಾತ್ರೆಯಲ್ಲಿರುವ ಎಲೆಕೋಸು ಕಪ್ಪು. ಕ್ಯಾಥೊಲಿಕರು ಕಪ್ಪು, ಪ್ರೊಟೆಸ್ಟೆಂಟರು ಕಪ್ಪು, ಸರ್ಬರು ಕಪ್ಪು, ಕ್ರೊಯಾಟರು ಕಪ್ಪು. ಯಾರೂ ಹೊರಗೆ ಉಳಿಯುವುದಿಲ್ಲ. ಅದರ ಲಯ ಮಗ್ಗಿಯನ್ನು ಕಂಠಪಾಠ ಮಾಡುವ ಮಗುವಿನ ಲಯದಂತೆಯೂ ಎದೆ ಬಡಿದುಕೊಂಡು ಒಂದೇ ಮಾತನ್ನು ಹೇಳಿಕೊಂಡು ಅಳುವವರ ಲಯದಂತೆಯೂ ಇದೆ. ಐರಿಷ್ ಹೆಂಗಸರು ಹೆಣದ ಮುಂದೆ ಕುಳಿತು ಹಾಡಿ ಅಳುತ್ತಿದ್ದ 'ಕ್ವೀನೆ' ಎಂಬ ಶೋಕಗೀತೆಯ ಸಂಪ್ರದಾಯ ಬಲ್ಲವರಿಗೆ ಈ ಪುನರುಕ್ತಿಯ ಬೇರು ಕಾಣುತ್ತದೆ.

ಆಲೂಗಡ್ಡೆ ಕಪ್ಪು ಎಂಬ ಮಾತನ್ನು ಐರಿಷ್ ಓದುಗರು ಬರಿಯ ಬಣ್ಣದ ಮಾತಾಗಿ ಓದಲಾರರು. ಅಂಗಮಾರಿ ಹಿಡಿದ ಗಡ್ಡೆಯ ಬಣ್ಣವದು. ಮಾರೆ ನೀ ಗ್ರೋಮಾಳ ಹಾಡಿನ ಹೆಸರು ಅದು. ಕ್ಷಾಮ ಎಂಬ ಪದವನ್ನೇ ಎತ್ತದೆ, ಒಂದು ತರಕಾರಿಯ ಹೆಸರಿನ ಮೂಲಕ, 1847 ಮತ್ತು 1995 ಒಂದೇ ಅಡುಗೆಮನೆಯಲ್ಲಿ ಎದುರುಬದುರು ನಿಲ್ಲುತ್ತವೆ. ನಮ್ಮ ಕಷ್ಟವೂ ನಿಮ್ಮ ಕಷ್ಟವೂ ಒಂದೇ ಎಂದು ಕವಿತೆ ಎಲ್ಲಿಯೂ ಘೋಷಿಸುವುದಿಲ್ಲ. ಆ ಸಂಯಮವೇ ಅದರ ಬಲ.

ಕೊನೆಯಲ್ಲಿ, ಸ್ರೆಬ್ರೆನಿಟ್ಸಾ ಎಂದರೆ ಬೆಳ್ಳಿಯ ಊರು, ಲ್ಯಾಟಿನ್ನಿನ ಅರ್ಜೆಂಟಾರಿಯಾ, ಎಂದು ನೆನೆದು ಕವಿತೆ 'ಬಾನ್' ಎಂಬ ಒಂದೇ ಪದದಲ್ಲಿ ನಿಲ್ಲುತ್ತದೆ. ಐರಿಷ್‌ನಲ್ಲಿ ಆ ಪದಕ್ಕೆ ಬಿಳಿ ಎಂಬ ಅರ್ಥವೂ ಇದೆ, ಜನರಿಲ್ಲದೆ ಖಾಲಿಯಾದ, ಪಾಳುಬಿದ್ದ ಎಂಬ ಅರ್ಥವೂ ಇದೆ. ಅಷ್ಟು ಹೊತ್ತೂ ಕಪ್ಪನ್ನೇ ಕೇಳಿದ ಕಿವಿಗೆ ಕಟ್ಟಕಡೆಗೆ ಬಿಳಿ ಬಂದಾಗ ಅದು ಬೆಳಕಾಗದೆ ಶೂನ್ಯವಾಗುತ್ತದೆ.

'ಕಪ್ಪು, ಕಪ್ಪು' ಎಂದು ಅಷ್ಟು ಸಲ ಹೇಳಿದರೆ ಕಪ್ಪು ಮೈಬಣ್ಣದವರನ್ನು ಹೀಗಳೆದಂತೆ ಆಗುವುದಿಲ್ಲವೇ?

ಪ್ರಶ್ನೆ ನ್ಯಾಯವಾದುದು. ಆದರೆ ಐರಿಷ್‌ನಲ್ಲಿ ಈ ಪದದ ಹರಹು ಬೇರೆ. 'ಕಪ್ಪು ಮನುಷ್ಯ' ಎಂದು ಆ ಭಾಷೆಯಲ್ಲಿ ಹೇಳಿದರೆ ಸಂಪ್ರದಾಯದಲ್ಲಿ ಅದು ಸೈತಾನನ ಹೆಸರು. ಆಫ್ರಿಕ ಮೂಲದವರನ್ನು 'ದಿನ ಗೊರ್ಮ್', ಪದಶಃ ನೀಲಿ ಮನುಷ್ಯ, ಎಂದು ಕರೆಯುವ ರೂಢಿ ಬಂದಿದೆ. ಆ ರೂಢಿ ಇಂದಿಗೆ ಸರಿಯೇ ಎಂಬ ಚರ್ಚೆಯೂ ಅಲ್ಲಿ ನಡೆಯುತ್ತಿದೆ. ಈ ಕವಿತೆಯ ಕಪ್ಪು ಮಾತ್ರ ರೋಗ ಹಿಡಿದ ಬೆಳೆಯದು, ಸುದ್ದಿಯ ಶಾಯಿಯದು, ಸೂತಕದ್ದು.

ಪ್ಯಾಲೆಸ್ಟೀನಿನ ಬಗ್ಗೆ ಒಂದು ಕವಿತೆ ಇದೆಯಂತಲ್ಲ. ಓದಿದವರು ನಿದ್ದೆ ಬರಲಿಲ್ಲ ಎನ್ನುತ್ತಾರೆ. ಅದು ಯಾಕೆ ಅಷ್ಟು ಕ್ರೂರವಾಗಿದೆ?

ಮೈಕಲ್ ಡ್ಯಾವಿಟ್ ಅವರ 'ಓ ನನ್ನ ಇಬ್ಬರು ಪ್ಯಾಲೆಸ್ಟೀನಿಯರೇ' ಎಂಬ ಕವಿತೆ ಅದು. (ಹತ್ತೊಂಬತ್ತನೆಯ ಶತಮಾನದಲ್ಲಿ ಗೇಣಿದಾರರ ಚಳವಳಿ ಕಟ್ಟಿದ ಮೈಕಲ್ ಡ್ಯಾವಿಟ್ ಬೇರೆ, ಈ ಕವಿ 1950ರಿಂದ 2005ರವರೆಗೆ ಬದುಕಿದವರು, 'ಇಂಚಿ' ಪತ್ರಿಕೆಯ ಸ್ಥಾಪಕರು.) ಬೈರೂತಿನ ಸಾಬ್ರಾ ಮತ್ತು ಶತೀಲಾ ನಿರಾಶ್ರಿತರ ಶಿಬಿರಗಳಲ್ಲಿ 1982ರ ಸೆಪ್ಟೆಂಬರ್ 16ರಿಂದ 18ರವರೆಗೆ ಲೆಬನಾನಿನ ಫಲಾಂಜ್ ಎಂಬ ಕ್ರೈಸ್ತ ಸಶಸ್ತ್ರ ಪಡೆಯವರು, ಶಿಬಿರಗಳನ್ನು ಇಸ್ರೇಲಿ ಸೇನೆ ಸುತ್ತುವರಿದು ನಿಂತಿದ್ದಾಗ, ಹೆಂಗಸರು ಮಕ್ಕಳೆನ್ನದೆ ಕೊಂದರು. ಕವಿತೆಯ ತಲೆಯ ಮೇಲೆ 18/9/82 ಎಂಬ ದಿನಾಂಕವೂ ದೂರದರ್ಶನದ ವರದಿ ನೋಡಿದ ಬಳಿಕ ಎಂಬ ಟಿಪ್ಪಣಿಯೂ ಇದೆ. ಆ ಹೊತ್ತಿಗೆ ದಕ್ಷಿಣ ಲೆಬನಾನಿನಲ್ಲಿ ಐರಿಷ್ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಾಲ್ಕು ವರ್ಷಗಳಿಂದ ಇದ್ದುದರಿಂದ ಆ ನಾಡಿನ ಸುದ್ದಿ ಐರ್ಲೆಂಡಿಗೆ ತೀರ ಪರಕೀಯವಾಗಿರಲಿಲ್ಲ.

ತಂದೆಯೊಬ್ಬ ರಾತ್ರಿ ಮಕ್ಕಳ ಕೋಣೆಯ ಬಾಗಿಲನ್ನು ಸ್ವಲ್ಪವೇ ತಳ್ಳುತ್ತಾನೆ. ಮೆಟ್ಟಿಲ ಬಳಿಯ ದೀಪದ ಬೆಳಕು ಒಳಗೆ ಬೀಳುತ್ತದೆ. ಹೊದಿಕೆ ಒದ್ದು ಅಡ್ಡಾದಿಡ್ಡಿ ಮಲಗಿರುವ ಒಂದು ಹೆಣ್ಣು, ಒಂದು ಗಂಡು. ಜಗತ್ತಿನ ಯಾವ ತಂದೆತಾಯಿಯೂ ಮಾಡುವ ಕೆಲಸ ಇದು. ಆದರೆ ಅವನ ಕಣ್ಣಲ್ಲಿ ಇನ್ನೂ ಸಂಜೆಯ ಸುದ್ದಿಯ ಚಿತ್ರಗಳು ಆರಿಲ್ಲ. ಮಲಗಿದ ಭಂಗಿ ಬಿದ್ದ ಭಂಗಿಯಾಗಿ, ಹಾಸಿಗೆ ರಕ್ತದ ಮಡುವಾಗಿ ಕಾಣಿಸುತ್ತದೆ. ಕೊನೆಯಲ್ಲಿ ಅವನ ಮಕ್ಕಳು, ಈಗ ಪ್ಯಾಲೆಸ್ಟೀನಿಯರು, ಮನೆಯನ್ನೆಲ್ಲ ಬೆಚ್ಚಗಿಡುವ ಹೀಟರಿನ ಶಾಖದಲ್ಲಿ ಕೊಳೆಯುತ್ತಿದ್ದಾರೆ. ಬೈರೂತಿನ ಬಿಸಿಲಿಗೂ ಡಬ್ಲಿನ್ನಿನ ಸುಖದ ಬಿಸಿಗೂ ಅಲ್ಲಿ ವ್ಯತ್ಯಾಸವಿಲ್ಲ.

ಕ್ರೌರ್ಯ ಬೇಕಿತ್ತೇ ಎಂದು ಕೇಳಿದರೆ, ಬೇಕಿತ್ತು ಎಂದೇ ನನ್ನ ಉತ್ತರ. ಪಾಪ, ಎಲ್ಲೋ ಮಕ್ಕಳು ಸತ್ತರಂತೆ ಎಂಬ ಮಾತಿನಲ್ಲಿರುವ ದೂರವನ್ನು ಅಳಿಸಬೇಕಾದರೆ ಸತ್ತ ಮಕ್ಕಳು ಸ್ವಂತ ಮಕ್ಕಳ ಮುಖ ತೊಟ್ಟು ಬರಬೇಕು. ಯಾವ ತಂದೆಯೂ ಆ ಚಿತ್ರವನ್ನು ಸುಲಭವಾಗಿ ಬರೆಯಲಾರ.

ಯುದ್ಧದ ನಡುವೆ ಪ್ರೇಮಗೀತೆ ಬರೆದವರೂ ಇದ್ದಾರೆಂದು ಕೇಳಿದೆ. ಅದು ಪಲಾಯನ ಅಲ್ಲವೇ?

ಕ್ಯಾಟ್ಲೀನ್ ಮಾಡ್ ಅವರ 'ವಿಯೆಟ್ನಾಂ ಪ್ರೇಮಗೀತೆ' ಅದು. ಕಾನಮಾರದಲ್ಲಿ ಹುಟ್ಟಿ ಐರಿಷ್ ಮಾತಾಡುತ್ತಲೇ ಬೆಳೆದ ಮಾಡ್ ನಟಿಯೂ ಆಗಿದ್ದರು, ಹಳೆಯ ಶೈಲಿಯ ಅನುಪಮ ಹಾಡುಗಾರ್ತಿಯೂ ಆಗಿದ್ದರು. 1982ರಲ್ಲಿ, 41ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಕವಿತೆಗಳು ಪುಸ್ತಕವಾದದ್ದು ಆಮೇಲೆ, 1984ರಲ್ಲಿ.

ಸುತ್ತಲೂ ಇಷ್ಟು ನಾಶ ನಡೆಯುತ್ತಿರುವಾಗ ಒಲವನ್ನು ಸಂಭ್ರಮಿಸುವ ನೀವು ನಾಚಿಕೆಗೆಟ್ಟವರು ಎಂದು ಜನ ಆ ಪ್ರೇಮಿಗಳನ್ನು ಹಳಿಯುತ್ತಾರೆ. ಹೆಣದ ವಾಸನೆಗಾಗಿ ಗಿಡುಗ ಮೇಲೆ ಕಾದು ಹಾರುತ್ತಿದೆ. ಪ್ರೇಮಿಗಳು ರಣಭೂಮಿಯಲ್ಲಿಯೇ ಉಳಿಯಬಹುದಿತ್ತು. ಆದರೆ ಸೈನಿಕರ ಜೋತುಬಿದ್ದ ಮುಖ ಕಂಡು ನಗು ಬಂದು, ನದಿಯ ದಡದ ಮೆತ್ತಗಿನ ಜಾಗವನ್ನು ಆರಿಸಿಕೊಳ್ಳುತ್ತಾರೆ. ಇದನ್ನು ಪಲಾಯನವೆಂದು ಓದುವವರಿದ್ದಾರೆ. ನನ್ನ ಓದು ಬೇರೆ. ಬಾಂಬಿನ ಕೆಳಗೂ ಇಬ್ಬರು ಪರಸ್ಪರ ಕೈಹಿಡಿಯಬಲ್ಲರು ಎಂಬುದೇ ಯುದ್ಧಕ್ಕೆ ಸಹಿಸಲಾಗದ ಸಂಗತಿ, ಮತ್ತು ನಾಚಿಕೆ ಎಂಬ ಪದವನ್ನು ಕೊಲ್ಲುವವರ ಕಡೆಗೆ ತಿರುಗಿಸದೆ ಪ್ರೀತಿಸುವವರ ಕಡೆಗೆ ತಿರುಗಿಸುವ ಸಮಾಜವನ್ನು ಕವಿತೆ ನೇರವಾಗಿ ಎದುರಿಸುತ್ತದೆ. ಐರಿಷ್ ಜನಪದದಲ್ಲಿ ಪ್ರೇಮಗೀತೆಗಳ ಭಂಡಾರವೇ ಇದೆ. ಮಾಡ್ ಆ ಧಾಟಿಯನ್ನು ಬಿಡಲಿಲ್ಲ. ವಿಯೆಟ್ನಾಮನ್ನೇ ಅದರೊಳಕ್ಕೆ ಕರೆತಂದರು.

ಹಿರೋಷಿಮಾ ಮತ್ತು ಯೆಹೂದಿಗಳ ನರಮೇಧದ ಬಗ್ಗೆ ಐರಿಷ್ ಕವಿಗಳು ಬರೆದಿದ್ದಾರೆಯೇ? ಆ ಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತಲ್ಲ?

ತಟಸ್ಥವಾಗಿತ್ತು, ನಿಜ. ಆ ತಾಟಸ್ಥ್ಯದ ಭಾರವೇ ಈ ಕವಿತೆಗಳ ಹಿಂದೆ ಇದೆಯೆಂದು ನನಗನ್ನಿಸುತ್ತದೆ. ಓಅನ್ ಓ ತೂರಿಷ್ಕ್ 1964ರಲ್ಲಿ ಪ್ರಕಟಿಸಿದ 'ಲುಕ್ಸ್ ಎಟೆರ್ನಾ' ಸಂಕಲನದಲ್ಲಿ 'ಮೃತರ ಬಲಿಪೂಜೆ' ಎಂಬ ದೀರ್ಘ ಕವಿತೆ ಇದೆ. ಹಿರೋಷಿಮಾದ ಜನರಿಗೆ ಅರ್ಪಿಸಿದ ಆ ಕವಿತೆ ಸತ್ತವರಿಗಾಗಿ ಚರ್ಚಿನಲ್ಲಿ ಸಲ್ಲಿಸುವ ಬಲಿಪೂಜೆಯ ಅಂಗಗಳನ್ನೇ ತನ್ನ ಕಟ್ಟಾಗಿ ಮಾಡಿಕೊಳ್ಳುತ್ತದೆ, ಮತ್ತು ಡಬ್ಲಿನ್ನಿನ ಬೀದಿಗಳಲ್ಲಿ ನಡೆಯುತ್ತದೆ. ಬಾಂಬು ಬಿದ್ದ ಆಗಸ್ಟ್ 6 ಕ್ರೈಸ್ತರಿಗೆ ಕ್ರಿಸ್ತನ ರೂಪಾಂತರದ ಹಬ್ಬ, ಬೆಳಕಿನ ಹಬ್ಬ. ಸಂಕಲನದ ಲ್ಯಾಟಿನ್ ಹೆಸರಿನ ಅರ್ಥವೂ ಶಾಶ್ವತ ಬೆಳಕು. ಅದೇ ದಿನ ಬಂದ ಮತ್ತೊಂದು ಬೆಳಕು ಏನು ಮಾಡಿತೆಂದು ಹೇಳಬೇಕಾಗಿಲ್ಲ.

ಮಾರೆ ವಾಕ್ ಅನ್ ಟೀ (1922–2021) ರಾಜತಾಂತ್ರಿಕ ಅಧಿಕಾರಿಯಾಗಿ ಜಗತ್ತನ್ನು ಬಲ್ಲವರು. ವಿಯೆನ್ನಾದಲ್ಲಿರುವ ಸ್ಮಾರಕಶಿಲ್ಪವನ್ನು ಕಂಡು ಅವರು 'ಶೋಆ' ಎಂಬ ಕವಿತೆ ಬರೆದರು. ಯೆಹೂದಿಗಳ ನರಮೇಧಕ್ಕೆ ಹೀಬ್ರೂ ಭಾಷೆಯ ಹೆಸರದು. ಆ ಸ್ಮಾರಕದಲ್ಲಿ ಮಂಡಿಯೂರಿ ಬೀದಿ ಉಜ್ಜುತ್ತಿರುವ ಯೆಹೂದಿಯ ಆಕೃತಿಯಿದೆ. 1938ರಲ್ಲಿ ನಾಜಿಗಳು ಊರಿನವರ ಮುಂದೆ ಯೆಹೂದಿಗಳಿಂದ ಮಾಡಿಸಿದ ಕೆಲಸವದು. ಲಕ್ಷಗಟ್ಟಲೆ ಸಾವುಗಳ ಲೆಕ್ಕಕ್ಕೆ ಕೈಹಾಕದೆ ಒಬ್ಬ ಮುದುಕನ ಬಾಗಿದ ಬೆನ್ನಿನ ಮುಂದೆ ನಿಲ್ಲುವ ಕವಿತೆ ಅದು.

## ಇನ್ನಷ್ಟು ಆಳಕ್ಕೆ ಇಳಿದವರು ಕೇಳುವವು

ಇಷ್ಟು ದೊಡ್ಡ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದರೆ ಜಗತ್ತೇ ಓದುತ್ತದೆ. ಕೆಲವೇ ಸಾವಿರ ಜನರ ಭಾಷೆಯಲ್ಲಿ ಬರೆದು ಪ್ರಯೋಜನವೇನು?

ಕನ್ನಡಿಗರಿಗೆ ಈ ಪ್ರಶ್ನೆಯ ಉತ್ತರ ಐರ್ಲೆಂಡಿನವರೊಬ್ಬರ ಬಾಯಿಂದಲೇ ಬಂದಿದೆ. 1920ರ ದಶಕದಲ್ಲಿ ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಬಳಿಗೆ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಒಯ್ದಾಗ, ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂದು ಅವರು ಹೇಳಿದ್ದನ್ನು ಕುವೆಂಪು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಕಸಿನ್ಸ್ ತಾವು ಬರೆದದ್ದು ಇಂಗ್ಲಿಷಿನಲ್ಲಿ. ತನ್ನ ನಾಡಿನ ಮಾತು ಕೈಜಾರಿದ್ದನ್ನು ಕಂಡವರಿಗೆ ಇನ್ನೊಬ್ಬರ ಮಾತಿನ ಬೆಲೆ ತಿಳಿದಿತ್ತೇನೋ.

ಇನ್ನು ಕಾವ್ಯದ ಒಳಗಿನ ಕಾರಣ. ಇಂಗ್ಲಿಷಿನಲ್ಲಿ ಯುದ್ಧವರದಿಯ ಪದಗಳು ದಿನವೂ ಸವೆಯುತ್ತವೆ. ಅಮಾಯಕರ ಬಲಿ, ಮಾನವೀಯ ಬಿಕ್ಕಟ್ಟು ಎಂಬಂಥ ಮಾತುಗಳನ್ನು ಓದುತ್ತ ಓದುತ್ತ ನಮ್ಮ ಚರ್ಮ ದಪ್ಪವಾಗುತ್ತದೆ. ಐರಿಷ್‌ನಲ್ಲಿ ಹಸಿವು ಎಂಬ ಪದಕ್ಕೆ ನೆಲದ ನೆನಪು ಅಂಟಿದೆ. 'ಫೇರ್ ಗೊರ್ತಖ್', ಹಸಿವಿನ ಹುಲ್ಲು, ಎಂಬ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿತ್ತು: ಬೆಟ್ಟದ ಮೇಲೆ ಅಂಥ ಹುಲ್ಲನ್ನು ತುಳಿದವರಿಗೆ ತಟ್ಟನೆ ಪ್ರಾಣ ಹೋಗುವಂಥ ಹಸಿವು ಹಿಡಿಯುತ್ತದೆ, ಆದ್ದರಿಂದ ಜೇಬಿನಲ್ಲಿ ರೊಟ್ಟಿಯ ತುಣುಕು ಇಟ್ಟುಕೊಂಡು ಹೋಗಬೇಕು. ಇಂಥ ಪದ ಇರುವ ಭಾಷೆಯಲ್ಲಿ ಪರದೇಶದ ಹಸಿವಿನ ಸುದ್ದಿ ಬೇರೆಯ ರೀತಿಯಲ್ಲಿ ಕೇಳಿಸುತ್ತದೆ. ಓದುಗರ ಸಂಖ್ಯೆಯ ಚಿಂತೆ ಅನುವಾದಕರದು; 'ದುವ್' ಪಾಲ್ ಮಲ್ಡೂನ್ ಅವರ ಇಂಗ್ಲಿಷಿನ ಮೂಲಕ ದೂರ ದೂರದ ಓದುಗರನ್ನು ತಲುಪಿದೆ.

ದೂರದರ್ಶನ ನೋಡಿ ಬರೆದ ಕವಿತೆ ಬೇರೆಯವರ ನೋವನ್ನು ಬಳಸಿಕೊಂಡಂತೆ ಅಲ್ಲವೇ?

ಆ ಅಪಾಯ ಯಾವಾಗಲೂ ಇದೆ, ಅದಕ್ಕೆ ಬಲಿಯಾದ ಕವಿತೆಗಳೂ ಎಲ್ಲ ಭಾಷೆಗಳಲ್ಲಿ ಇವೆ. ಸತ್ತವರ ಪರವಾಗಿ ಸತ್ತವರ ದನಿಯಲ್ಲಿಯೇ ಮಾತಾಡಹೊರಟ ಕವಿ ಬೇಗ ಸುಳ್ಳಿಗೆ ಬೀಳುತ್ತಾನೆ. ಮೇಲೆ ಹೇಳಿದ ಕವಿತೆಗಳನ್ನು ಗಮನಿಸಿ: ಡ್ಯಾವಿಟ್ ಬೈರೂತಿಗೆ ಹೋದಂತೆ ನಟಿಸುವುದಿಲ್ಲ, ದೂರದರ್ಶನ ನೋಡಿದೆ ಎಂದು ಮೊದಲೇ ಹೇಳಿಬಿಡುತ್ತಾರೆ. ನೀ ಗೋನಿಲ್ ತಮ್ಮ ನಾಡಿನ ಬೀದಿಯನ್ನು ಬಿಟ್ಟು ಕದಲುವುದಿಲ್ಲ. ಅವರ ವಸ್ತು ಸುದ್ದಿ ಕೇಳಿದವರ ಮನೆ, ಕೇಳಿದ ಮೇಲೂ ಊಟಕ್ಕೆ ಕೂರುವವರ ಸ್ಥಿತಿ. ದೂರವನ್ನು ಒಪ್ಪಿಕೊಂಡು ಬರೆದದ್ದರಿಂದಲೇ ಅವು ನಿಂತಿವೆ.

ಹಸಿವನ್ನು ಉಂಡ ಜನ ಅಂದ ಮೇಲೆ ಅವರಿಗೆ ಕರುಣೆ ಸಹಜವಾಗಿಯೇ ಬರುತ್ತದಲ್ಲವೇ?

ಬರುವುದಿಲ್ಲ. ಇದನ್ನು ಭಾರತೀಯರು ಮರೆಯುವಂತಿಲ್ಲ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯೆಯನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವಯರ್ ಐರ್ಲೆಂಡಿನ ಟಿಪ್ಪರರಿ ಜಿಲ್ಲೆಯವನು. ಗುಂಡು ಹಾರಿಸಲು ಆಜ್ಞೆ ಕೊಟ್ಟ ಡಯರ್ ಓದಿದ ಶಾಲೆ ಕಾರ್ಕ್ ಜಿಲ್ಲೆಯ ಮಿಡಲ್ಟನ್ನಿನಲ್ಲಿದೆ. ಅದೇ ಮಿಡಲ್ಟನ್ನಿನಲ್ಲಿ ಇಂದು ಚಾಕ್ಟಾ ಜನರ ಉಪಕಾರದ ನೆನಪಿಗೆ ಎತ್ತರದ ಒಂಬತ್ತು ಉಕ್ಕಿನ ಗರಿಗಳು ಬಟ್ಟಲಿನ ಆಕಾರದಲ್ಲಿ ನಿಂತಿವೆ. ಇನ್ನೊಂದು ಕಡೆ, 1920ರಲ್ಲಿ ಜಲಂಧರದಲ್ಲಿ ಬ್ರಿಟಿಷ್ ಸೇನೆಯ ಐರಿಷ್ ಸೈನಿಕರು ತಮ್ಮ ನಾಡಿನ ಮೇಲಿನ ದಬ್ಬಾಳಿಕೆಯನ್ನು ಪ್ರತಿಭಟಿಸಿ ಬಂದೂಕು ಕೆಳಗಿಟ್ಟರು.

ನೆನಪನ್ನು ಕರುಣೆಯಾಗಿಸಲು ಯಾರಾದರೂ ದುಡಿಯಬೇಕು. ಮೇಯೊ ಜಿಲ್ಲೆಯ ಡೂಲಾಕ್ ಕಣಿವೆಯಲ್ಲಿ 1849ರಲ್ಲಿ ಪರಿಹಾರ ಬೇಡಲು ಹೊರಟ ಹಸಿದ ಜನ ದಾರಿಯಲ್ಲಿಯೇ ಬಿದ್ದು ಸತ್ತರು. 1988ರಿಂದ ಅದೇ ದಾರಿಯಲ್ಲಿ ವರ್ಷವೂ ನಡಿಗೆ ನಡೆಯುತ್ತದೆ, ಬೇರೆ ದೇಶಗಳ ಅನ್ಯಾಯಗಳನ್ನೂ ನೆನೆಯುತ್ತಾರೆ. 1991ರಲ್ಲಿ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು ನಡೆದರು. ಅಲ್ಲಿನ ಸ್ಮಾರಕದ ಕಲ್ಲಿನ ಮೇಲೆ ಗಾಂಧೀಜಿಯವರ ಮಾತನ್ನು ಕೆತ್ತಿದ್ದಾರೆ: ಜೊತೆಯ ಮನುಷ್ಯರನ್ನು ಅವಮಾನಿಸಿ ತಾವು ಗೌರವ ಪಡೆದೆವೆಂದು ಜನ ಹೇಗೆ ತಿಳಿಯಬಲ್ಲರು ಎಂಬ ಪ್ರಶ್ನೆ ಅದು. ಕವಿತೆಗಳೂ ಇಂಥ ದುಡಿಮೆಯೇ.

ನಮ್ಮ ಧಾತು ಬರಕ್ಕೂ ಐರ್ಲೆಂಡಿನ ಕ್ಷಾಮಕ್ಕೂ ಹೋಲಿಕೆ ಮಾಡಬಹುದೇ?

ಎಚ್ಚರದಿಂದ ಮಾಡಬಹುದು. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ ನೇರವಾಗಿ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷವಾಗಿತ್ತು. ಅಲ್ಲಿ ರೋಗ, ಇಲ್ಲಿ ಮಳೆಯ ಕೊರತೆ, ಕಾರಣ ಬೇರೆ. ಆದರೆ ಮಾರುಕಟ್ಟೆಗೆ ಕೈಹಾಕಬಾರದು, ಬಿಟ್ಟಿ ಅನ್ನ ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂಬ ಆಡಳಿತದ ನಂಬಿಕೆ ಎರಡೂ ಕಡೆ ಒಂದೇ. ಐರ್ಲೆಂಡಿನ ಪರಿಹಾರದ ಹಣದ ಕೀಲಿಕೈ ಹಿಡಿದಿದ್ದ ಚಾರ್ಲ್ಸ್ ಟ್ರೆವೆಲ್ಯನ್ 1859ರಲ್ಲಿ ಮದ್ರಾಸಿನ ಗವರ್ನರಾಗಿ ಬಂದವನು. 1877ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ ರಿಚರ್ಡ್ ಟೆಂಪಲ್ ಬರಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದ. ಇದು ದೇವರ ಕೆಲಸವಲ್ಲ ಎಂದ ರಿಂಗ್ ಊರಿನ ಹೆಂಗಸಿನ ಮಾತು ಕೋಲಾರಕ್ಕೂ ತುಮಕೂರಿಗೂ ಸಲ್ಲುತ್ತದೆ.

'ದುವ್' ಕವಿತೆಯನ್ನು ಕನ್ನಡಕ್ಕೆ ತರಬಹುದೇ? ಆಲೂಗಡ್ಡೆಯ ಬದಲು ರಾಗಿ ಎನ್ನಬೇಕೇ?

ರಾಗಿ ಎನ್ನಬಾರದು. ರಾಗಿ ಮೊದಲೇ ಕಪ್ಪು; ಅದು ಕಪ್ಪಾಯಿತು ಎಂದರೆ ಯಾರ ಎದೆಯೂ ನಡುಗದು. ಆಲೂಗಡ್ಡೆಯನ್ನೇ ಇಟ್ಟುಕೊಂಡು, ಹೆಚ್ಚಿದಾಗ ಒಳಗೆಲ್ಲ ಕಪ್ಪಾಗಿ ಕೊಳೆತ ಗಡ್ಡೆ ಎಂಬ ಚಿತ್ರವನ್ನು ಕನ್ನಡದ ಓದುಗರ ಅಡುಗೆಮನೆಯ ಅನುಭವಕ್ಕೆ ಬಿಡಬೇಕು. 'ಕಪ್ಪು' ಮತ್ತು 'ಕರಿ' ಎರಡರಲ್ಲಿ ಒಂದನ್ನೇ ಹಿಡಿದು ಕೊನೆಯವರೆಗೂ ಹೋಗಬೇಕು. ವೈವಿಧ್ಯಕ್ಕೆಂದು ಬದಲಾಯಿಸಿದರೆ ಎದೆ ಬಡಿತದ ಲಯ ತಪ್ಪುತ್ತದೆ.

ನಿಜವಾದ ಪರೀಕ್ಷೆ ಕೊನೆಯ 'ಬಾನ್'. ಬಿಳಿ ಎಂಬ ಅರ್ಥವನ್ನೂ ಪಾಳು ಎಂಬ ಅರ್ಥವನ್ನೂ ಒಟ್ಟಿಗೆ ಹೊತ್ತ ಒಂದೇ ಪದ ಕನ್ನಡದಲ್ಲಿಲ್ಲ. ಬಹಳ ದಿನ ಇಲ್ಲಿಯೇ ನಿಂತಿದ್ದೆ. ಆಮೇಲೆ ನಮ್ಮ ರೈತರ ಬಾಯಲ್ಲಿರುವ 'ಬೀಳು' ನೆನಪಾಯಿತು. ಉಳುವವರಿಲ್ಲದೆ ಬಿಟ್ಟ ಹೊಲ ಬೀಳು. ಐರಿಷ್ ರೈತರಿಗೂ ಉಳದೆ ಬಿಟ್ಟ ನೆಲ 'ಬಾನ್'. ಕವಿತೆಯ ಉಪಶೀರ್ಷಿಕೆ ಸ್ರೆಬ್ರೆನಿಟ್ಸಾದ ಪತನವನ್ನು ಹೇಳುತ್ತದೆ, ಮತ್ತು ಕನ್ನಡದಲ್ಲಿ ಬೀಳುವುದಕ್ಕೂ ಅದೇ ಪದ. ಬಿಳಿ ಎಂಬ ಪದದ ದನಿಯೂ ಅದರ ಹತ್ತಿರವೇ ಸುಳಿಯುತ್ತದೆ. ಹಾಗಾಗಿ ಬೆಳ್ಳಿಯ ಊರು ಎಂದು ಬರೆದು, ಒಂದು ಸಾಲು ಬಿಟ್ಟು, 'ಬೀಳು' ಎಂದಷ್ಟೇ ಬರೆದು ನಿಲ್ಲಿಸಿದ್ದೇನೆ.